ಏಳನೇ ಕ್ಲಾಸು ಮುಗಿಸಿ ಎಲ್ಲಿಗೆ ಹೋದರು?

ನಮ್ಮೂರ ಶಾಲೆಗೆ 75 ವರ್ಷ ತುಂಬುವುದಿತ್ತು. ಅಮೃತ ಮಹೋತ್ಸವ ಮಾಡುವ ಅಂತ ಕಮಿಟಿ ಆಯಿತು. ಚಪ್ಪರ, ಊಟ, ಸನ್ಮಾನ, ರಾತ್ರಿಯ ಯಕ್ಷಗಾನ ಎಲ್ಲಕ್ಕೂ ಒಬ್ಬೊಬ್ಬರು ಕೈ ಎತ್ತಿದರು. ಕೊನೆಗೆ ಉಳಿದದ್ದು ಹಳೆ ವಿದ್ಯಾರ್ಥಿಗಳ ಪಟ್ಟಿ. ಅದನ್ನು ನನ್ನ ತಲೆಗೆ ಕಟ್ಟಿದರು. ಸೊಸೈಟಿಯಲ್ಲಿ ಕೆಲಸ ಮಾಡುವವನಿಗೆ ಹಳೆ ಲೆಡ್ಜರ್ ತಿರುವಿ ಅಭ್ಯಾಸ ಇರುತ್ತದೆ ಅನ್ನುವುದು ಅವರ ಲೆಕ್ಕ.

ಕಮಿಟಿಗೆ ಬೇಕಿದ್ದದ್ದು ದೊಡ್ಡ ಪಟ್ಟಿಯೇನೂ ಅಲ್ಲ. ಡಾಕ್ಟರು, ಇಂಜಿನಿಯರು, ಬ್ಯಾಂಕ್ ಮ್ಯಾನೇಜರು, ಹೋಟೆಲ್ ಮಾಲಕರು, ಅಷ್ಟೇ. ಕೈ ಬಿಚ್ಚಿ ಕೊಡುವವರ ಹೆಸರು ಮತ್ತು ಫೋನ್ ನಂಬರು. "ಒಂದು ಐವತ್ತು ಹೆಸರು ಸಾಕು ಮಾರಾಯಾ" ಅಂದರು ಅಧ್ಯಕ್ಷರು. ನಾನೂ ಹೂಂ ಅಂದೆ. ಆದರೆ ರಿಜಿಸ್ಟರಿನ ಮೊದಲ ಪುಟ ತೆರೆದ ಮೇಲೆ ಐವತ್ತಕ್ಕೆ ನಿಲ್ಲಿಸುವುದು ಆಗಲಿಲ್ಲ.

ಊರು ಕುಂದಾಪುರ ತಾಲೂಕಿನದ್ದು. ಒಂದು ಬದಿಗೆ ಹೊಳೆ, ಆಚೆಗೆ ಕಡಲು, ನಡುವೆ ಬೈಲು. ಶಾಲೆಯಲ್ಲಿ ಒಂದರಿಂದ ಏಳರ ತನಕ. ದಾಖಲಾತಿ ರಿಜಿಸ್ಟರನ್ನು ಹೊರಗೆ ಕೊಡುವಂತಿಲ್ಲ. ಹಾಗಾಗಿ ಮುಖ್ಯ ಶಿಕ್ಷಕಿ ಆಫೀಸ್ ರೂಮಿನಲ್ಲೇ ಒಂದು ಬೆಂಚು ಹಾಕಿಸಿಕೊಟ್ಟರು. ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಕೂತು ಬರೆದುಕೊಳ್ಳುತ್ತಿದ್ದೆ. ಹೆಸರು, ತಂದೆಯ ಹೆಸರು, ಮನೆ, ಸೇರಿದ ವರ್ಷ, ಬಿಟ್ಟ ವರ್ಷ, ಬಿಟ್ಟ ಕಾರಣ. ಜಾತಿಯ ಕಾಲಂ ನನಗೆ ಬೇಡ ಅಂತ ಬಿಟ್ಟೆ.

ಮೊದಲ ಪುಸ್ತಕದ ಪುಟಗಳು ಮದ್ರಾಸಿನ ಕಾಲದವು. ನಮ್ಮ ಜಿಲ್ಲೆ 1956ರ ನವೆಂಬರ್ 1ರ ತನಕ ಮದ್ರಾಸಿಗೆ ಸೇರಿತ್ತಲ್ವಾ? ಊರಿನ ಅಜ್ಜಂದಿರು ಈಗಲೂ "ನಂದು ಎಂಟನೇ ಇ.ಎಸ್.ಎಲ್.ಸಿ." ಅನ್ನುವುದು ಆ ಲೆಕ್ಕದ್ದು, ಆಗಿನ ಎಂಟನೆಯ ಪಬ್ಲಿಕ್ ಪರೀಕ್ಷೆ. ಆಮೇಲೆ ಬಂದದ್ದು ಏಳನೆಯ ಪಬ್ಲಿಕ್ ಪರೀಕ್ಷೆ. ಹುಟ್ಟಿದ ದಿನದ ಕಾಲಂ ನೋಡಿದರೆ ನಗು ಬರುತ್ತದೆ. ಅರ್ಧ ಊರು ಜೂನ್ 1ಕ್ಕೆ ಹುಟ್ಟಿದೆ. ಮನೆಯವರಿಗೆ ತಾರೀಕು ಗೊತ್ತಿಲ್ಲ, ಗೊತ್ತಿರುವುದು "ಆಟಿಯ ಮಳೆಯಲ್ಲಿ" ಅಂತ ಮಾತ್ರ. ಶಾಲೆ ಶುರುವಾಗುವ ದಿನಕ್ಕೆ ವಯಸ್ಸು ಸರಿ ಹೊಂದುವ ಹಾಗೆ ಮಾಷ್ಟ್ರೇ ಒಂದು ತಾರೀಕು ಬರೆದುಬಿಡುತ್ತಿದ್ದರು. ಆ ತಾರೀಕಿನ ಮೇಲೇ ಎಷ್ಟೋ ಜನ ಸರಕಾರಿ ಕೆಲಸದಿಂದ ನಿವೃತ್ತರಾದರು.

1974ರಲ್ಲಿ ಭೂಸುಧಾರಣೆ ಜಾರಿಗೆ ಬಂತಲ್ಲ, ಅದು ರಿಜಿಸ್ಟರಿನಲ್ಲೂ ಕಾಣುತ್ತದೆ. ಅದಕ್ಕೆ ಮೊದಲು ಒಕ್ಕಲು ಮನೆಗಳ ಹೆಸರು ಅಲ್ಲೊಂದು ಇಲ್ಲೊಂದು. ಇದ್ದರೂ ಎರಡನೇ, ಮೂರನೇ ಕ್ಲಾಸಿಗೆ ಬಿಟ್ಟದ್ದೇ ಜಾಸ್ತಿ. ಧಣಿಗಳ ಮನೆಯ ಕೆಲಸಕ್ಕೆ, ದನ ಮೇಯಿಸಲಿಕ್ಕೆ ಮಕ್ಕಳು ಬೇಕಿತ್ತು. ಉಳುವ ಜಾಗ ನಮಗೇ ಸೇರಬೇಕು ಅಂತ ಡಿಕ್ಲರೇಶನ್ ಹಾಕಿ ಅದು ತಮ್ಮ ಹೆಸರಿಗೆ ಆದ ಮೇಲೆ ಅದೇ ಮನೆಗಳಿಂದ ಒಂದರ ಹಿಂದೆ ಒಂದು ಹೆಸರು. ಏಳರ ತನಕ ಮುಗಿಸಿದವರೂ ಹೆಚ್ಚಿದರು. ಗದ್ದೆಯ ಕಾನೂನೊಂದು ಶಾಲೆಯ ಹಾಜರಿ ಪುಸ್ತಕವನ್ನು ಇಷ್ಟು ಬದಲಿಸುತ್ತದೆ ಅಂತ ನಾನು ಯೋಚಿಸಿರಲಿಲ್ಲ.

ಹೆಸರು ಬರೆದುಕೊಳ್ಳುವುದು ಸುಲಭದ ಭಾಗ. ಜನರನ್ನು ಹುಡುಕುವುದು ಬೇರೆ ಕತೆ. ಒಂದೇ ದಶಕದಲ್ಲಿ ಎಷ್ಟೊಂದು ಮಂಜುನಾಥ, ಎಷ್ಟೊಂದು ನಾಗರಾಜ! ಮನೆಯ ಹೆಸರು ಇಲ್ಲದಿದ್ದರೆ ದೇವರೇ ಗತಿ. ಕಮಿಟಿಯ ಹುಡುಗರು ಗೂಗಲ್ ಫಾರ್ಮ್ ಮಾಡಿ ವಾಟ್ಸಾಪಿಗೆ ಬಿಟ್ಟರು. ತುಂಬಿಸಿದವರು ಹೆಚ್ಚಿನವರು ಬೆಂಗಳೂರಿನ ನಲವತ್ತರ ಒಳಗಿನವರು. ಉಳಿದವರಿಂದ ಗುಂಪಿಗೆ ಬಂದದ್ದು ಗುಡ್ ಮಾರ್ನಿಂಗ್ ಹೂವುಗಳು.

ನನ್ನನ್ನು ಬಚಾವ್ ಮಾಡಿದ್ದು ನಮ್ಮೂರ ಹಳೆಯ ಪಿಗ್ಮಿ ಕಲೆಕ್ಟರ್. ಪಿಗ್ಮಿ ಶುರುವಾದದ್ದೇ ನಮ್ಮ ಉಡುಪಿಯಲ್ಲಿ, 1928ರಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುತ್ತಿತ್ತು. ಈ ಅಣ್ಣಯ್ಯ ಜೀವಮಾನ ಪೂರ್ತಿ ಸೈಕಲಿನಲ್ಲಿ, ಆಮೇಲೆ ಮೊಪೆಡ್ಡಿನಲ್ಲಿ, ಮನೆಮನೆಗೆ ಹೋಗಿ ಪಿಗ್ಮಿ ಎತ್ತಿದವರು. ಅವರೂ ಇದೇ ಶಾಲೆಯ ಏಳನೇ ಪಾಸು. ನಾನು ಹೆಸರು ಓದುತ್ತಾ ಹೋದರೆ ಅವರು ಕಣ್ಣು ಮುಚ್ಚಿಕೊಂಡು ಹೇಳುವವರು: "ಇಂವ ಮೂಡುಮನೆಯ ಎರಡನೆಯವ. ಅಂಧೇರಿ. ಇಂವನ ಭಾವ ಪುಣೆ. ಇದು ಕೆಳಮನೆ ಹುಡುಗಿ, ಬಾರ್ಕೂರಿಗೆ ಕೊಟ್ಟದ್ದು." ಯಾವ ಮನೆಯ ದುಡ್ಡು ಯಾವ ಊರಿಂದ ಬರುತ್ತಿತ್ತು ಅಂತ ಅವರಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?

ಹುಡುಕಲಿಕ್ಕೆ ಕಾಲವೂ ನೋಡಬೇಕು. ಬೋಟಿಗೆ ಹೋಗುವವರು ಸಿಗುವುದು ಜೂನ್, ಜುಲೈನಲ್ಲಿ, ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುವಾಗ. ಉಳಿದ ಸಮಯ ಗಂಗೊಳ್ಳಿ, ಮಲ್ಪೆ ಅಂತ ಫೋನ್ ಹಚ್ಚಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಮುಂಬಯಿಯವರು ಮೇ ರಜೆಗೆ ಬರುತ್ತಾರೆ. ಕೋಟೇಶ್ವರದ ಕೊಡಿಹಬ್ಬಕ್ಕಂತೂ ಎಲ್ಲೆಲ್ಲಿದ್ದವರೂ ಬರುತ್ತಾರೆ. ತೇರಿನ ದಿನ ಕಬ್ಬಿನ ಕೊಡಿ ಹಿಡಿದುಕೊಂಡವರ ನಡುವೆ ನಾನು ಚೀಟಿ, ಪೆನ್ನು ಹಿಡಿದುಕೊಂಡು ತಿರುಗಿದೆ. ಜನಗಣತಿಯವನು ಅಂತ ಒಬ್ಬರು ತಿಳಿದರು.

ಹೀಗೆ ಒಂದೊಂದೇ ಹೆಸರಿನ ಮುಂದೆ ಊರು ಬರೆಯುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಬೀರುವಿನಲ್ಲಿ ಏಳನೆಯ ಪರೀಕ್ಷೆಯ ಕೆಲವು ಹಳೆ ಫಲಿತಾಂಶದ ಪಟ್ಟಿಗಳೂ ಸಿಕ್ಕಿದ್ದವು. ಮಾರ್ಕ್ಸ್ ನೋಡಿ ಯಾರು ಎಲ್ಲಿಗೆ ಮುಟ್ಟಿದರು ಅಂತ ಹೇಳಲಿಕ್ಕೆ ಬರುವುದಿಲ್ಲ. ಆದರೆ ಪಕ್ಕದ ಮನೆಯ ದೊಡ್ಡ ಹುಡುಗ ಆಗ ಎಲ್ಲಿದ್ದ ಅಂತ ಗೊತ್ತಾದರೆ ಹೇಳಬಹುದು. ಹೊಳೆಬದಿಯ ಮನೆಗಳವರು ಪೂರ್ತಿ ಮುಂಬಯಿ. ಗುಡ್ಡೆಯ ಮೇಲಿನವರು ಬೆಂಗಳೂರು ಬೇಕರಿ. ದೇವಸ್ಥಾನದ ಹತ್ತಿರದ ನಾಲ್ಕು ಮನೆಯವರು ಹುಬ್ಬಳ್ಳಿ, ದಾವಣಗೆರೆಯ ಹೋಟೆಲು. ಕಡಲ ಕಡೆಯವರು ಬೋಟು. ಒಂದೇ ಬೆಂಚಿನಲ್ಲಿ ಕೂತವರು, ಒಂದೇ ಮಾಷ್ಟ್ರ ಪೆಟ್ಟು ತಿಂದವರು. ದಾರಿ ಬೇರೆಯಾದದ್ದು ಶಾಲೆಯಿಂದ ಮನೆಗೆ ಹೋಗುವ ಓಣಿಯಲ್ಲಿ.

ಮುಂಬಯಿಗೆ ನಮ್ಮೂರಿಂದ ಮೊದಲು ಹೋದವರು ಈಗಿಲ್ಲ. ಅವರ ತಮ್ಮ ಹೇಳಿದ ಪ್ರಕಾರ, ಮಾಟುಂಗದ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯಲಿಕ್ಕೆ ಸೇರಿದ್ದರು. ಎರಡು ವರ್ಷದ ಮೇಲೆ ಊರಿಗೆ ಬಂದಾಗ ಟೆರಿಲಿನ್ ಶರ್ಟು, ಕೈಗೆ ವಾಚು. ವಾಪಸು ಹೋಗುವಾಗ ಜೊತೆಗೆ ಇಬ್ಬರು ಹುಡುಗರು. ಆ ಇಬ್ಬರು ಮತ್ತಷ್ಟು ಜನರನ್ನು ಕರೆದರು. ತೊಳೆಯುವವನು ಟೇಬಲ್ ಒರೆಸುವವನಾಗುತ್ತಾನೆ, ಆಮೇಲೆ ಸಪ್ಲೈಯರ್, ಆಮೇಲೆ ಗಲ್ಲಾ. ಧೈರ್ಯ ಇದ್ದವನು ಯಾರದ್ದೋ ಹೋಟೆಲನ್ನು ಕಂಡಕ್ಟಿಂಗ್‌ಗೆ ಹಿಡಿಯುತ್ತಾನೆ, ಅಂದರೆ ಮಾಲಕನಿಗೆ ಬಾಡಿಗೆ ಕೊಟ್ಟು ತಾನೇ ನಡೆಸುತ್ತಾನೆ. ಸ್ವಂತದ್ದು ಆಗುವುದು ಕೆಲವರಿಗೆ ಮಾತ್ರ. ಕಮಿಟಿಗೆ ಬೇಕಿದ್ದದ್ದು ಆ ಕೆಲವರು. ನನ್ನ ಪಟ್ಟಿಯಲ್ಲಿ ಸಪ್ಲೈಯರ್ ಆಗಿಯೇ ಮುದುಕರಾಗಿ, ಮಂಡಿ ನೋವು ಹಿಡಿದುಕೊಂಡು ಊರಿಗೆ ಬಂದವರು ಅದಕ್ಕಿಂತ ಎಷ್ಟೋ ಜಾಸ್ತಿ.

ಇನ್ನೊಂದು ಗುಂಪು ಇದೆ, ನನಗೆ ತುಂಬಾ ಇಷ್ಟವಾದದ್ದು. ಹಗಲು ಹೋಟೆಲು, ರಾತ್ರಿ ಶಾಲೆ. ಹೋಟೆಲ್ ಹುಡುಗರು ಓದಲಿ ಅಂತ ನಮ್ಮ ಕಡೆಯವರ ಸಂಘಗಳೇ ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆ ನಡೆಸುತ್ತಿದ್ದವು. ನಮ್ಮ ಶಾಲೆಯ ಕೆಲವರು ಅಲ್ಲಿ ಎಸ್ಸೆಸ್ಸೆಲ್ಸಿ ಮಾಡಿದರು, ಒಬ್ಬರು ಬಿ.ಕಾಂ. ತನಕ ಹೋದರು. "ರಾತ್ರಿ ಕ್ಲಾಸಿನಲ್ಲಿ ನಿದ್ದೆ ಬಂದರೆ ಮಾಷ್ಟ್ರು ಬೈಯುತ್ತಿರಲಿಲ್ಲ, ಮುಖ ತೊಳೆದು ಬಾ ಅಂತಿದ್ದರು, ಯಾಕಂದ್ರೆ ಅವರೂ ಹಗಲು ಬೇರೆ ಕಡೆ ದುಡಿದು ಬಂದವರೇ" ಅಂದರು ಅವರು. ಆಮೇಲೆ ಬ್ಯಾಂಕ್ ಪರೀಕ್ಷೆ ಬರೆದು ಗುಮಾಸ್ತರಾದರು. ನಿವೃತ್ತಿಯ ಹೊತ್ತಿಗೆ ಆಫೀಸರ್. ಫಾರ್ಮಿನಲ್ಲಿ ಬ್ಯಾಂಕಿನ ಹೆಸರು ಏನು ಬರೆಯಲಿ ಅಂತ ಕೇಳಿದೆ. "ವಿಜಯಾ ಬ್ಯಾಂಕ್ ಅಂತಲೇ ಬರಿ" ಅಂದರು. ಅದು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿ ಹೋಯಿತು ಅಂತ ಅವರಿಗೂ ಗೊತ್ತು. ಸಿಂಡಿಕೇಟ್, ಕಾರ್ಪೊರೇಶನ್ ಬ್ಯಾಂಕುಗಳೂ ಮರುವರ್ಷ ಹೋದವು. ನಾನು ಅವರು ಹೇಳಿದ ಹಾಗೆಯೇ ಬರೆದೆ.

ಕುವೈತಿನಲ್ಲಿ ಒಬ್ಬರು ಇದ್ದರು, 1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗುವಾಗ. ಬಸ್ಸಿನಲ್ಲಿ ಅಮ್ಮಾನಿಗೆ ಹೋಗಿ, ಅಲ್ಲಿ ಕಾದು, ಏರ್ ಇಂಡಿಯಾದ ವಿಮಾನದಲ್ಲಿ ಮುಂಬಯಿಗೆ ಇಳಿದರು. ಕೈಯಲ್ಲಿ ಒಂದು ಚೀಲ. ಆಮೇಲೆ ಗಲ್ಫಿನ ಹೆಸರು ಎತ್ತಲಿಲ್ಲ. ಬೆಂಗಳೂರಿನಲ್ಲಿ ಭಾವನ ಬೇಕರಿಗೆ ಸೇರಿದರು. ಅಲ್ಲಿಂದ ಮುಂದೆ ಗುಡ್ಡೆಯ ಮೇಲಿನ ಹುಡುಗರಿಗೆಲ್ಲ ಅವರೇ ದಾರಿ. ರಾತ್ರಿ ಬಸ್ಸು ಹತ್ತಿಸಿದರೆ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಕರೆದುಕೊಳ್ಳಲು ಜನ ಇರುತ್ತಿದ್ದರು. ಬನ್ನು, ಪಫ್ಸು, ಟೀ ಕೌಂಟರು. ಈಗ ಆ ಕೇರಿಯ ಯಾವ ಮನೆಗೆ ಹೋದರೂ ಒಂದು ಬೇಕರಿಯ ಹೆಸರಿನ ಕ್ಯಾಲೆಂಡರ್ ಗೋಡೆಯ ಮೇಲಿದೆ. ಕೊಂಕಣ ರೈಲು 1998ರಲ್ಲಿ ಓಡಲು ಶುರುವಾದ ಮೇಲೆ ಮುಂಬಯಿ ಒಂದು ರಾತ್ರಿಯ ದೂರಕ್ಕೆ ಬಂತು. ಆದರೆ ಆ ಹೊತ್ತಿಗೆ ಹೊಸ ಹುಡುಗರ ಮನಸ್ಸು ಬೆಂಗಳೂರಿಗೆ ತಿರುಗಿ ಆಗಿತ್ತು.

ಊರಲ್ಲೇ ಉಳಿದವರ ಬಗ್ಗೆ ಒಂದು ಮಾತು. ಒಂದು ವರ್ಷದ ಏಳನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾರ್ಕ್ಸ್ ತೆಗೆದವರು ನಮ್ಮ ಸೊಸೈಟಿಗೇ ಗೊಬ್ಬರ ತಗೊಳ್ಳಲು ಬರುತ್ತಾರೆ. ಗದ್ದೆ, ನಾಲ್ಕು ತೆಂಗಿನ ಮರ, ಎರಡು ದನ. ಯಾಕೆ ಓದಲಿಲ್ಲ ಅಂತ ಕೇಳಿದರೆ ಹೊಳೆಯ ಕಡೆ ಕೈ ತೋರಿಸಿದರು. ಹೈಸ್ಕೂಲು ಆಚೆ ದಡದಲ್ಲಿ. ಮಳೆಗಾಲದಲ್ಲಿ ನೆರೆ ಬಂದರೆ ದೋಣಿ ಇಲ್ಲ. ಒಂದು ಮಳೆಗಾಲ ಹೋದರೆ ಅರ್ಧ ಪಾಠ ಹೋಯಿತು. ಸೇತುವೆ ಆದದ್ದು ಆಮೇಲೆ. ಸರಕಾರ 2006-07ರಿಂದ ಎಂಟನೆಯವರಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ನಮ್ಮಲ್ಲಿ ಏಳು ಮುಗಿಸಿ ಮನೆಯಲ್ಲಿ ಕೂತವರು ಇಲ್ಲವೇ ಇಲ್ಲ ಅನ್ನಬಹುದು. ಅದೇ 2006ರ ಅಕ್ಟೋಬರಿನಿಂದ ಹದಿನಾಲ್ಕರ ಒಳಗಿನವರನ್ನು ಹೋಟೆಲಿನಲ್ಲಿ ದುಡಿಸುವುದೂ ನಿಷೇಧವಾಯಿತು. ಹಾಗಾಗಿ ಏಳನೇ ಮುಗಿಸಿ ಸೀದಾ ಹೋಟೆಲಿಗೆ ಅನ್ನುವ ಕತೆ ನನ್ನ ಪಟ್ಟಿಯಲ್ಲಿ ಅಲ್ಲಿಗೆ ಮುಗಿಯುತ್ತದೆ.

ಯಕ್ಷಗಾನ ಮೇಳಕ್ಕೆ ಸೇರಿದವರನ್ನು ಹುಡುಕಲಿಕ್ಕೆ ಪಿಗ್ಮಿ ಅಣ್ಣಯ್ಯನೂ ಬೇಡ. ಪೇಪರಿನಲ್ಲಿ ಯಾವ ಮೇಳದ ಆಟ ಇವತ್ತು ಎಲ್ಲಿ ಅಂತ ಹಾಕಿರುತ್ತಾರಲ್ಲ! ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕೋಡಂಗಿ ವೇಷದಿಂದ ಶುರು ಮಾಡಿದ ಒಬ್ಬರನ್ನು ಹಾಗೆ ಹಿಡಿದೆ. ಬಯಲಾಟದ ಚೌಕಿಯಲ್ಲಿ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಹಾಕುತ್ತಿದ್ದರು. ತಲೆ ಎತ್ತದೆ ಕೇಳಿದರು, "ರಿಜಿಸ್ಟರಂಗೆ ಎಂತ ಬರ್ದಿರ್?" ದೀರ್ಘ ಗೈರುಹಾಜರಿ ಅಂತ ಬರೆದಿದ್ದಾರೆ ಅಂದೆ. "ಸಮಾ ಬರ್ದಿರ್" ಅಂತ ನಕ್ಕರು. ಓದಲು ಬರೆಯಲು ನೆಟ್ಟಗೆ ಬಂದದ್ದು ಮೇಳದಲ್ಲಿ, ಪ್ರಸಂಗದ ಪುಸ್ತಕ ಹಿಡಿದ ಮೇಲೆ ಅಂದರು. ಶಾಲೆಯಲ್ಲಿ ಕಲಿತದ್ದು ಏನೂ ಇಲ್ವಾ ಅಂತ ಕೇಳಿದೆ. "ಬೆಳಿಗ್ಗೆ ಪ್ರಾರ್ಥನೆಗೆ ನಾನೇ ಮುಂದೆ ನಿಲ್ಲುತ್ತಿದ್ದೆ. ಜನರ ಎದುರು ಬಾಯಿ ಬಿಡುವ ಧೈರ್ಯ ಬಂದದ್ದು ಅಲ್ಲಿ." ಅಷ್ಟರಲ್ಲಿ ಚೆಂಡೆ ಶುರುವಾಯಿತು. ಫೋನ್ ನಂಬರನ್ನು ಪಕ್ಕದವರ ಹತ್ತಿರ ತಗೊಂಡೆ.

ಎಲ್ಲಕ್ಕಿಂತ ಕಷ್ಟವಾದದ್ದು ಹುಡುಗಿಯರ ಸಾಲು. ರಿಜಿಸ್ಟರಿನ ಸುಮಾರು ಅರ್ಧ ಹೆಸರುಗಳು ಅವರವು, ಮೊದಲ ವರ್ಷಗಳನ್ನು ಬಿಟ್ಟರೆ. ಕಮಿಟಿ ಕೈಯಲ್ಲಿದ್ದ ಸನ್ಮಾನದ ಪಟ್ಟಿಯಲ್ಲಿ ಇದ್ದದ್ದು ಇಬ್ಬರು. ಮದುವೆಯಾದ ಮೇಲೆ ಊರು ಬೇರೆ, ಕೆಲವರಿಗೆ ಹೆಸರೂ ಬೇರೆ. ತವರಿನಲ್ಲಿ ಈಗ ಯಾರೂ ಇಲ್ಲ, ಮನೆಗೆ ಬೀಗ. ಗಂಡುಮಕ್ಕಳನ್ನು ಹುಡುಕಲು ಹೋಟೆಲು, ಬೇಕರಿ ಅಂತ ಒಂದು ದಾರಿ ಇತ್ತು. ಇವರನ್ನು ಹುಡುಕಲು ನನ್ನ ಅಕ್ಕ ಮತ್ತು ಅವಳ ಗೆಳತಿಯರೇ ಬೇಕಾಯಿತು. ಯಾರ ಮದುವೆ ಎಲ್ಲಿ, ಯಾರ ಬಸಿರು ಬಾಣಂತನ ಯಾವಾಗ ಅಂತ ಅವರ ನೆನಪಿನಲ್ಲಿ ಒಂದು ಬೇರೆಯೇ ರಿಜಿಸ್ಟರ್ ಇದೆ.

ಅಲ್ಲೂ ಸರಪಳಿ ಇತ್ತು, ಆದರೆ ಮದುವೆಯದ್ದು. ಒಬ್ಬಳನ್ನು ಬ್ರಹ್ಮಾವರದ ಕಡೆಗೆ ಕೊಟ್ಟರೆ ಅವಳು ತಂಗಿಯನ್ನು, ಚಿಕ್ಕಪ್ಪನ ಮಗಳನ್ನು ಅದೇ ಕಡೆಗೆ ತಂದುಕೊಂಡಳು. ಕೆಲಸದ ಸರಪಳಿ ಶುರುವಾಗಲು ಬಹಳ ತಡವಾಯಿತು. ಮೊದಲು ಸಿಕ್ಕ ಕೆಲಸ ಅಂದರೆ ಗೇರುಬೀಜದ ಕಾರ್ಖಾನೆ ಮತ್ತು ಬೀಡಿ. ಹನ್ನೆರಡು ಹದಿಮೂರಕ್ಕೆ ಶಾಲೆ ಬಿಟ್ಟು ಬೀಡಿ ಕಟ್ಟಿ, ಆ ದುಡ್ಡಿನಲ್ಲಿ ತಮ್ಮನ ಹೈಸ್ಕೂಲು ಫೀಸು ಕಟ್ಟಿದವರು ನನ್ನ ಪಟ್ಟಿಯಲ್ಲಿ ಎಷ್ಟೋ ಜನ. ತಮ್ಮಂದಿರ ಹೆಸರಿನ ಮುಂದೆ ಬ್ಯಾಂಕು, ಕಂಪನಿ ಅಂತ ಇದೆ. ಇವರ ಹೆಸರಿನ ಮುಂದೆ ಬಿಟ್ಟ ಕಾರಣ "ಮನೆಕೆಲಸ". ಆಮೇಲೆ ಒಬ್ಬಳು ಟಿ.ಸಿ.ಎಚ್. ಮಾಡಿ ಟೀಚರ್ ಆದಳು. ಅವಳ ನಂತರ ಅದೇ ಓಣಿಯಿಂದ ಇನ್ನೂ ಕೆಲವರು ಆದರು. ಒಬ್ಬಳು ಮಂಗಳೂರಿಗೆ ನರ್ಸಿಂಗ್‌ಗೆ ಹೋದಳು, ಹಿಂದೆಯೇ ಬೇರೆಯವರು ಹೋದರು. ಮೊದಲ ಒಬ್ಬಳಿಗೆ ದಾರಿ ತೋರಿಸಿದವರು ಯಾರು ಅಂದರೆ ಶಾಲೆಗೆ ಹೊರಗಿನಿಂದ ಬಂದ ಒಬ್ಬ ಟೀಚರ್. ಮನೆಗೆ ಹೋಗಿ ಅಪ್ಪಯ್ಯನ ಹತ್ತಿರ ಜಗಳ ಮಾಡಿ ಅರ್ಜಿಗೆ ಸಹಿ ಹಾಕಿಸಿದರಂತೆ. ಅಣ್ಣಂದಿರಿಗೆ ಪಕ್ಕದ ಮನೆಯ ಹುಡುಗ ಸಾಕಾಗಿತ್ತು. ಇವರಿಗೆ ಊರಿನ ಒಳಗೆ ಅಂಥವರು ಯಾರೂ ಇರಲಿಲ್ಲ.

ನಾಲ್ಕನೇ ಕ್ಲಾಸಿಗೆ ಬಿಟ್ಟ ಒಬ್ಬರಿಗೆ ಫೋನ್ ಮಾಡಿದೆ. ಸಿದ್ದಾಪುರದ ಕಡೆ ಇದ್ದಾರೆ. "ನಂದೆಂತಕೆ ಬರೀತ್ರಿ ಮಾರಾಯ್ರೆ, ನಂದು ನಾಕನೇ ತನಕ ಮಾತ್ರ" ಅಂದರು. ಅಕ್ಕಾ, ರಿಜಿಸ್ಟರಿನಲ್ಲಿ ನಿಮ್ಮ ಹೆಸರಿದೆ, ಹಾಗಾಗಿ ಬರೆಯಬೇಕು ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಸ್ವಸಹಾಯ ಸಂಘದ ಲೆಕ್ಕ ನೋಡುವುದು ಅಂತ ಬರಿ, ಪುಸ್ತಕ ಬರೆಯುವುದು ನಾನೇ ಅಂದರು.

ತೀರಿಕೊಂಡವರನ್ನು ಏನು ಮಾಡುವುದು ಅಂತ ಕಮಿಟಿಯಲ್ಲಿ ಚರ್ಚೆಯಾಯಿತು. ಹೆಸರಿನ ಹಿಂದೆ ದಿವಂಗತ ಅಂತ ಹಾಕುವ ಅಂತ ಆಯಿತು. ಬೊಂಬಾಯಿಗೆ ಓಡಿ ಹೋಗಿ ಮತ್ತೆ ಸುದ್ದಿಯೇ ಇಲ್ಲದ ಕೆಲವರಿದ್ದಾರೆ. ಅವರ ಮನೆಯವರು ಹಾಗೆ ಹಾಕಲು ಒಪ್ಪಲಿಲ್ಲ. ಅವರ ಹೆಸರಿನ ಮುಂದೆ ಮುಂಬಯಿ ಅಂತಷ್ಟೇ ಬರೆದೆ. ಅದು ಸುಳ್ಳೂ ಅಲ್ಲ.

ದೊಡ್ಡ ಗಲಾಟೆ ಆದದ್ದು ಸ್ಮರಣ ಸಂಚಿಕೆಯ ವಿಷಯಕ್ಕೆ. ನನ್ನ ಪಟ್ಟಿ ಬಹಳ ಉದ್ದ ಆಯಿತು, ಪುಟಕ್ಕೆ ಇಷ್ಟು ಖರ್ಚು, ಸಾಧಕರದ್ದು ಫೋಟೊ ಸಮೇತ ಹಾಕಿದರೆ ಸಾಕು ಅಂತ ಒಂದು ಪಕ್ಷ. ಎಲ್ಲರದ್ದೂ ಇರಲಿ ಅಂತ ಇನ್ನೊಂದು. ನಾನು ಸುಮ್ನೆ ಒಂದು ಲೆಕ್ಕ ಮುಂದಿಟ್ಟೆ. ದೇಣಿಗೆ ಕೊಟ್ಟವರ ಹೆಸರುಗಳನ್ನು ನನ್ನ ಪಟ್ಟಿಯ ಜೊತೆ ತಾಳೆ ನೋಡಿದ್ದೆ. ದೊಡ್ಡ ಮೊತ್ತ ಕೊಟ್ಟವರು ಹೋಟೆಲಿನವರು, ನಿಜ. ಆದರೆ ಐನೂರು, ಸಾವಿರ ಅಂತ ಕೊಟ್ಟವರನ್ನು ಕೂಡಿದರೆ ಅದೂ ಸಣ್ಣದಲ್ಲ. ಅದರಲ್ಲಿ ಬೀಡಿ ಕಟ್ಟಿದವರೂ ಇದ್ದರು, ಬೋಟಿನವರೂ ಇದ್ದರು. ಕೊನೆಗೆ ಎಲ್ಲರ ಹೆಸರೂ ಬಂತು, ಶಾಲೆ ಬಿಟ್ಟ ವರ್ಷದ ಪ್ರಕಾರ, ಈಗಿನ ಊರಿನ ಜೊತೆ. ಉದ್ಯೋಗ ಹಾಕಲಿಲ್ಲ. ಸಾಧಕರ ಫೋಟೊಗಳು ಬೇರೆ ಬಣ್ಣದ ಪುಟದಲ್ಲಿ ಬಂದವು. ಅದೊಂದು ರಾಜಿ. ಸಂಚಿಕೆ ಹಂಚಿದ ಮರುದಿನದಿಂದ ನನಗೆ ಫೋನು: ಹೆಸರು ತಪ್ಪಿದೆ, ಊರು ತಪ್ಪಿದೆ, ನಮ್ಮ ಅತ್ತೆಯ ಹೆಸರು ಬಿಟ್ಟಿದೆ. ಬೈದವರೂ ಪುಟದ ನಂಬರು ಹೇಳಿಯೇ ಬೈದರು. ಅಂದರೆ ಓದಿದ್ದಾರೆ.

ಮಾಟುಂಗದಿಂದ ಬಂದ ಹೋಟೆಲ್ ಮಾಲಕರು ಸಮಾರಂಭದ ಊಟಕ್ಕೆ ಕೂತಾಗ ಹೇಳಿದರು: "ಈಗ ಊರಿನ ಹುಡುಗರು ನಮ್ಮಲ್ಲಿಗೆ ಬರುವುದಿಲ್ಲ. ನನ್ನ ಹತ್ತಿರ ಇರುವವರು ಬಿಹಾರ, ಜಾರ್ಖಂಡಿನವರು. ಒಬ್ಬ ಬಂದರೆ ತನ್ನ ಊರಿನ ನಾಲ್ಕು ಜನರನ್ನು ಕರೆದುಕೊಂಡು ಬರುತ್ತಾನೆ." ಅವರ ಮಗ ಕೆನಡಾದಲ್ಲಿದ್ದಾನೆ.

ನಮ್ಮ ಶಾಲೆಯಲ್ಲಿ ಈಗ ಮಕ್ಕಳು ಕಡಿಮೆ. ಊರಿನ ಹೆಚ್ಚಿನ ಮಕ್ಕಳು ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾರೆ, ಕಮಿಟಿಯವರ ಮೊಮ್ಮಕ್ಕಳೂ ಸೇರಿ. ರಿಜಿಸ್ಟರಿನ ಹೊಸ ಪುಟಗಳಲ್ಲಿ ಹುಟ್ಟಿದ ಊರು ಅನ್ನುವ ಕಾಲಮಿನಲ್ಲಿ ಗಂಗಾವತಿ, ಬಾದಾಮಿ, ಕುಷ್ಟಗಿ ಅಂತ ಇದೆ. ಕಟ್ಟಡ ಕೆಲಸಕ್ಕೆ, ಕಲ್ಲಿನ ಕೋರೆಗೆ ಬಂದವರ ಮಕ್ಕಳು. ಅವರ ಅಪ್ಪಂದಿರನ್ನು ಇಲ್ಲಿಗೆ ಕರೆದವರು ಯಾರು ಅಂತ ಕೇಳಿದರೆ ಅದೇ ಉತ್ತರ: ಪಕ್ಕದ ಮನೆಯವರು ಮೊದಲೇ ಬಂದಿದ್ದರು. ಈ ಮಕ್ಕಳು ಕೆಲವೊಮ್ಮೆ ಟಿ.ಸಿ. ತಗೊಳ್ಳದೆ ರಾತ್ರೋರಾತ್ರಿ ಹೊರಟು ಹೋಗುತ್ತಾರೆ, ಅಪ್ಪನಿಗೆ ಬೇರೆ ಕಡೆ ಕೆಲಸ ಸಿಕ್ಕಿತು ಅಂತ. ನನ್ನ ಪಟ್ಟಿಯ ಅವಸ್ಥೆ ನೋಡಿದ ಮುಖ್ಯ ಶಿಕ್ಷಕಿ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಊರಿನ ಅಜ್ಜನ ಮನೆಯ ಫೋನು, ಮೇಸ್ತ್ರಿಯ ಫೋನು, ಎರಡೂ ಬರೆದಿಡುತ್ತಾರೆ.

ಮಹೋತ್ಸವದಲ್ಲಿ ಉಳಿದ ದುಡ್ಡಿನಲ್ಲಿ ಶಾಲೆಗೆ ಒಂದು ಕಮಾನು ಕಟ್ಟಿಸುವ ಅಂತ ಮಾತು ಎದ್ದಿತ್ತು. ಜಗಳ ಮಾಡಿ ವ್ಯಾನಿಗೆ ಒಪ್ಪಿಸಿದೆವು. ಹಳೆಯದ್ದೇ ಒಂದು ಗಾಡಿ ಸಿಕ್ಕಿತು. ಡ್ರೈವರಿನ ಸಂಬಳಕ್ಕೆ ತಿಂಗಳು ತಿಂಗಳು ಕೊಡುವವರ ಪಟ್ಟಿ ಮಾಡುವ ಕೆಲಸವನ್ನೂ ನನಗೇ ಕೊಟ್ಟಿದ್ದಾರೆ. ಬೆಳಿಗ್ಗೆ ಅದು ಮೊದಲು ಹೋಗುವುದು ಕೋರೆಯ ಹತ್ತಿರದ ಶೆಡ್ಡುಗಳಿಗೆ, ಆಮೇಲೆ ಗುಡ್ಡೆಯ ಮೇಲಕ್ಕೆ.